ಕಲ್ಲು ಹೇಳುವುದರಲ್ಲಿ ಎಷ್ಟನ್ನು ನಂಬಬೇಕು?

ಘಟ್ಟಿಹೊಸಹಳ್ಳಿಯ ಕಲ್ಲು ನೋಡಲಿಕ್ಕೆ ಏನೂ ಚೆನ್ನಾಗಿಲ್ಲ. ಕಪ್ಪು ಮಿಶ್ರಿತ ಹಸಿರು ಬಣ್ಣ. ಮುಟ್ಟಿದರೆ ಬೆರಳು ಜಾರುವಷ್ಟು ನುಣುಪು. ಉಗುರಿನಲ್ಲಿ ಕೆರೆದರೆ ಅಲ್ಲಲ್ಲಿ ಬಿಳಿ ಗೀರು ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯ ಆ ಊರಿನ ಸುತ್ತ ಇದಕ್ಕಿಂತ ಚೆಂದದ ಕಲ್ಲುಗಳಿವೆ. ಕ್ರೋಮಿಯಂ ಸೇರಿ ಪಚ್ಚೆ ಬಣ್ಣಕ್ಕೆ ತಿರುಗಿದ ಫುಕ್ಸೈಟ್ ಕ್ವಾರ್ಟ್ಜೈಟ್ ಇದೆ. ಎತ್ತಿದರೆ ಕೈ ಜಗ್ಗುವಷ್ಟು ಭಾರದ ಬೆರೈಟ್ ಇದೆ. ಭೂವಿಜ್ಞಾನದ ಹುಡುಗರು ಟೂರಿಗೆ ಬಂದರೆ ಚೀಲಕ್ಕೆ ಹಾಕಿಕೊಳ್ಳುವುದು ಅವನ್ನೇ. ನನಗೆ ಬೇಕಾಗಿದ್ದು ಮಾತ್ರ ಈ ಮಂಕು ಕಲ್ಲು. ಇದರ ಹೆಸರು ಕೊಮಾಟೈಟ್.

ನಾನು ಹೊಸದುರ್ಗದ ಕಡೆಯವಳು. ಹಾಗಾಗಿ ಅಲ್ಲಿನ ಜನರ ಜೊತೆ ಮಾತಿಗೆ ಕಷ್ಟವಿಲ್ಲ. ಸುತ್ತಿಗೆ ಸದ್ದು ಕೇಳಿದರೆ ಸಾಕು, ಯಾರಾದರೂ ಬಂದು ನಿಲ್ಲುತ್ತಾರೆ. ಒಮ್ಮೆ ಕುರಿ ಮೇಯಿಸುತ್ತಿದ್ದ ಯಜಮಾನರೊಬ್ಬರು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಏನಮ್ಮಾ, ಚಿನ್ನ ಐತಾ ಇದ್ರಾಗೆ?"

"ಇಲ್ಲ ಯಜಮಾನ್ರೇ."

"ಬೋರ್‌ವೆಲ್‌ಗೆ ನೀರು ನೋಡ್ತೀರೇನು?"

"ಅದೂ ಅಲ್ಲ."

"ಮತ್ಯಾಕೆ ಒಡೀತೀರ ಬಿಸಿಲಾಗೆ?"

ಭೂಮಿಯ ಒಳಗೆ ಹಿಂದೆ ಎಷ್ಟು ಬಿಸಿ ಇತ್ತು ಅಂತ ನೋಡಲಿಕ್ಕೆ ಎಂದೆ. ಅವರು ನನ್ನನ್ನೊಮ್ಮೆ, ಮೇಲೆ ಸೂರ್ಯನನ್ನೊಮ್ಮೆ ನೋಡಿದರು. "ಹೊರಗಿನ ಬಿಸಿ ಸಾಲ್ದೇನಮ್ಮ?" ಅಂದು ಕುರಿ ಹಿಂದೆ ಹೋದರು.

ಅವರಿಗೆ ಅಲ್ಲಿ ನಿಂತು ಪೂರ್ತಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ, ಜಾಗ ಜಾಸ್ತಿ ಇದೆ.

ನಾವು ನಿಂತಿರುವ ಹೊರಪದರ ಖಂಡಗಳ ಕೆಳಗೆ ಸುಮಾರು 35ರಿಂದ 40 ಕಿಲೋಮೀಟರ್ ದಪ್ಪ. ಸಮುದ್ರದ ತಳದಲ್ಲಾದರೆ ಬರೀ 7 ಕಿಲೋಮೀಟರ್ ಆಸುಪಾಸು. ಅದರ ಕೆಳಗಿಂದ 2,900 ಕಿಲೋಮೀಟರ್ ಆಳದವರೆಗೆ ಇರುವುದು ಮ್ಯಾಂಟಲ್. ಭೂಮಿಯ ಗಾತ್ರದಲ್ಲಿ ಶೇ. 80ಕ್ಕೂ ಜಾಸ್ತಿ ಇದೇ. ರಷ್ಯಾದ ಕೋಲಾದಲ್ಲಿ 1970ರಲ್ಲಿ ಕೊರೆಯಲು ಶುರು ಮಾಡಿ, 12,262 ಮೀಟರಿಗೆ ಹೋಗಿ ಕೈಬಿಟ್ಟರು. ಅಲ್ಲಿನ ಹೊರಪದರದಲ್ಲಿ ಅದು ಅರ್ಧ ದಾರಿಯೂ ಅಲ್ಲ. ಅಂದರೆ ಭೂಮಿಯ ಬಹುಪಾಲನ್ನು ಯಾರೂ ಮುಟ್ಟಿಲ್ಲ.

ಹಾಗಂತ ತುಣುಕೇ ಸಿಗುವುದಿಲ್ಲ ಅಂತಲ್ಲ. ಆಂಧ್ರದ ವಜ್ರಕರೂರಿನಲ್ಲಿ ಸುಮಾರು 110 ಕೋಟಿ ವರ್ಷದ ಹಿಂದೆ ಕಿಂಬರ್ಲೈಟ್ ಅನ್ನುವ ಶಿಲಾಪಾಕ ರಭಸದಿಂದ ಮೇಲೆ ನುಗ್ಗಿ ಬಂತು. ಬರುವಾಗ ದಾರಿಯಲ್ಲಿದ್ದ ಆಳದ ಕಲ್ಲಿನ ಚೂರುಗಳನ್ನೂ, ವಜ್ರಗಳನ್ನೂ ಕಿತ್ತು ತಂದಿದೆ. ವಜ್ರ ಹುಟ್ಟಬೇಕಾದರೆ ಸುಮಾರು 150 ಕಿಲೋಮೀಟರ್ ಆಳವಾದರೂ ಬೇಕು. ಅಂಥ ಚೂರು ಕೈಗೆ ಸಿಕ್ಕರೆ ಭಾಗ್ಯ. ಆದರೆ ಅದು ಒಂದು ಜಾಗದ, ಒಂದು ಆಳದ ಚೂರು. ಮಿಕ್ಕೆಲ್ಲ ಕಡೆ ನಮಗೆ ಗತಿ ಒಂದೇ. ಮ್ಯಾಂಟಲ್ ಒಂದಿಷ್ಟು ಕರಗಿ, ಆ ಕರಗಿದ್ದು ಮೇಲೆ ಬಂದು ಹೆಪ್ಪುಗಟ್ಟಿದ ಅಗ್ನಿಶಿಲೆ. ಅದರ ರಸಾಯನ ಅಳೆದು, ಕೆಳಗೆ ಏನಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕುವುದು. ನನ್ನ ಕೆಲಸ ಇಷ್ಟೇ.

ಒಂದು ತಪ್ಪು ಕಲ್ಪನೆ ಇಲ್ಲೇ ತೆಗೆದುಬಿಡುತ್ತೇನೆ. ಮ್ಯಾಂಟಲ್ ಅಂದರೆ ಕುದಿಯುವ ಲಾವಾದ ಕಡಲಲ್ಲ. ಅದು ಗಟ್ಟಿ ಕಲ್ಲು. ಪೆರಿಡೊಟೈಟ್ ಅಂತ ಹೆಸರು. ಅದರಲ್ಲಿರುವ ಖನಿಜಗಳು ಮುಖ್ಯವಾಗಿ ಆಲಿವಿನ್, ಎರಡು ಬಗೆಯ ಪೈರಾಕ್ಸೀನ್, ಆಳಕ್ಕೆ ತಕ್ಕಂತೆ ಪ್ಲೇಜಿಯೊಕ್ಲೇಸ್ ಇಲ್ಲವೇ ಸ್ಪಿನೆಲ್ ಇಲ್ಲವೇ ಗಾರ್ನೆಟ್. ಬಿಸಿ ವಿಪರೀತ ಇದ್ದರೂ ಒತ್ತಡವೂ ವಿಪರೀತ ಇರುವುದರಿಂದ ಕರಗುವುದಿಲ್ಲ. ಗಟ್ಟಿಯಾಗಿಯೇ ನಿಧಾನಕ್ಕೆ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಮ್ಮಿಯಾಗಿ, ಒಂದು ಹಂತದಲ್ಲಿ ಕರಗಲು ಶುರು ಮಾಡುತ್ತದೆ. ಯಾರೂ ಹೊಸದಾಗಿ ಬೆಂಕಿ ಹಾಕಬೇಕಿಲ್ಲ.

ಕರಗುವುದೂ ಪೂರ್ತಿಯಲ್ಲ. ಸಮುದ್ರದ ತಳದ ಬಸಾಲ್ಟ್ ಅನ್ನುವ ಕಪ್ಪು ಲಾವಾ ಕಲ್ಲಿಗೆ ಮ್ಯಾಂಟಲ್‌ನ ಶೇ. 10ರ ಆಸುಪಾಸು ಕರಗಿದರೆ ಸಾಕು. ಹುಣಸೆಹಣ್ಣು ನೆನೆಸಿ ಹಿಂಡಿದವರಿಗೆ ಇದು ಗೊತ್ತು. ಮೊದಲ ಹಿಂಡಿಗೆ ಹುಳಿಯೆಲ್ಲ ಬಂದುಬಿಡುತ್ತದೆ. ಎರಡನೆಯದು ನೀರು ನೀರು. ಕೊನೆಗೆ ಉಳಿಯುವುದು ಹಿಪ್ಪೆ. ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ, ಲ್ಯಾಂಥನಂ, ನಿಯೋಬಿಯಂ ಇಂಥ ಧಾತುಗಳಿಗೆ ಮ್ಯಾಂಟಲ್‌ನ ಖನಿಜಗಳ ಒಳಗೆ ಸರಿಯಾದ ಜಾಗವಿಲ್ಲ. ಒಂದೋ ಗಾತ್ರ ಹೊಂದುವುದಿಲ್ಲ, ಇಲ್ಲಾ ಚಾರ್ಜ್ ಹೊಂದುವುದಿಲ್ಲ. ಅಲ್ಪ ಸ್ವಲ್ಪ ಕರಗಿದರೂ ಇವು ಮೊದಲ ಹಿಂಡಿಗೇ ಹೊರಗೆ ಬರುತ್ತವೆ. ಮೆಗ್ನೀಸಿಯಂ, ನಿಕ್ಕಲ್ ಹಾಗಲ್ಲ. ಅವು ಆಲಿವಿನ್ ಬಿಟ್ಟು ಸುಲಭಕ್ಕೆ ಬರುವುದಿಲ್ಲ, ಹಿಪ್ಪೆಯಲ್ಲೇ ಇರುತ್ತವೆ. ಆದ್ದರಿಂದ ಒಂದು ಲಾವಾದಲ್ಲಿ ಮೆಗ್ನೀಸಿಯಂ ಜಾಸ್ತಿ ಇದ್ದಷ್ಟೂ, ಮ್ಯಾಂಟಲ್ ಅಷ್ಟು ಜೋರಾಗಿ ಕರಗಿತ್ತು ಅಂತ ಅರ್ಥ. ಬಸಾಲ್ಟ್‌ನಲ್ಲಿ ಮೆಗ್ನೀಸಿಯಂ ಆಕ್ಸೈಡ್ ಸಾಮಾನ್ಯವಾಗಿ ಶೇ. 10ರ ಒಳಗೆ. ಕೊಮಾಟೈಟ್ ಎನಿಸಿಕೊಳ್ಳಲು ಶೇ. 18 ದಾಟಬೇಕು.

1969ರಲ್ಲಿ ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಬೆಟ್ಟಸಾಲಿನಲ್ಲಿ ವಿಲ್ಯೋನ್ ಅಣ್ಣತಮ್ಮಂದಿರು ಇದನ್ನು ಗುರುತಿಸಿ, ಅಲ್ಲಿನ ಕೊಮಾಟಿ ನದಿಯ ಹೆಸರಿಟ್ಟರು. ಅಷ್ಟು ಮೆಗ್ನೀಸಿಯಂ ಇರುವ ಕಲ್ಲು ಲಾವಾ ಆಗಿ ಹರಿದಿರಲು ಸಾಧ್ಯವಾ ಎನ್ನುವುದೇ ಆಗಿನ ಜಗಳ. ಸಾಧ್ಯ ಅಂತ ಒಪ್ಪಿಸಿದ್ದು ಸ್ಪಿನಿಫೆಕ್ಸ್ ಅನ್ನುವ ವಿನ್ಯಾಸ. ಆಲಿವಿನ್ ಹರಳುಗಳು ಉದ್ದುದ್ದ ಸೂಜಿ, ತಟ್ಟೆಗಳಾಗಿ ಒಂದಕ್ಕೊಂದು ಅಡ್ಡಡ್ಡ ಬೆಳೆದಿರುತ್ತವೆ. ದ್ರವ ತಟ್ಟನೆ ತಣಿದರೆ ಮಾತ್ರ ಹಾಗೆ ಬೆಳೆಯುತ್ತವೆ. ನಮ್ಮ ಘಟ್ಟಿಹೊಸಹಳ್ಳಿಯಲ್ಲೂ ಆ ವಿನ್ಯಾಸ ಕಾಣುತ್ತದೆ. ಕಾಣುತ್ತದೆ ಅಂದರೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಕಲ್ಲನ್ನು ಒದ್ದೆ ಮಾಡಿ, ತಲೆ ವಾಲಿಸಿ ನೋಡಿದರೆ. ಸುಮ್ನೆ ನಡೆದು ಹೋದರೆ ಕಣ್ಣಿಗೆ ಬೀಳುವುದಿಲ್ಲ.

ಈಗ ತೊಂದರೆಯ ಮಾತಿಗೆ ಬರುತ್ತೇನೆ. ಈ ಕೆಲಸದಲ್ಲಿ ಅಳೆಯುವುದು ಕಷ್ಟವಲ್ಲ. ದುಡ್ಡಿದ್ದರೆ ಯಂತ್ರ ಅಳೆಯುತ್ತದೆ. ಬಂದ ಅಂಕಿಯನ್ನು ನಂಬಬೇಕಾ ಬೇಡವಾ ಅನ್ನುವುದು ಕಷ್ಟ. ಮ್ಯಾಂಟಲ್ ಬಿಟ್ಟು ಹೊರಟ ಶಿಲಾಪಾಕ ನನ್ನ ಕೈಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಎಷ್ಟೋ ಕೈ ಬದಲಾಗಿರುತ್ತದೆ. ಪ್ರತಿಯೊಬ್ಬರೂ ಏನನ್ನೋ ತೆಗೆದಿರುತ್ತಾರೆ, ಏನನ್ನೋ ಸೇರಿಸಿರುತ್ತಾರೆ.

ಮೊದಲನೆಯ ಅನುಮಾನ ನೀರಿನ ಮೇಲೆ. ಘಟ್ಟಿಹೊಸಹಳ್ಳಿ ಕಲ್ಲಿನಲ್ಲಿ ಸೂಜಿಯ ಆಕಾರ ಉಳಿದಿದೆ, ಆಲಿವಿನ್ ಉಳಿದಿಲ್ಲ. ಅದರ ಜಾಗದಲ್ಲಿ ಸರ್ಪೆಂಟೀನ್, ಕ್ಲೋರೈಟ್, ಟ್ರೆಮೊಲೈಟ್ ಕೂತಿವೆ. ಇನ್ನೂ ಬದಲಾದ ಕಡೆ ಟಾಲ್ಕ್ ಬರುತ್ತದೆ. ನಮ್ಮ ಬಳಪದ ಕಲ್ಲು ಹುಟ್ಟುವ ಒಂದು ದಾರಿಯೂ ಇದೇ, ಮೆಗ್ನೀಸಿಯಂ ತುಂಬಿದ ಕಲ್ಲು ನೀರು ಕುಡಿದು ಬದಲಾಗುವುದು. ಪುಡಿಯನ್ನು 1000 ಡಿಗ್ರಿಯಲ್ಲಿ ಕಾಯಿಸಿ ತೂಗಿದರೆ ತೂಕದಲ್ಲಿ ನೂರಕ್ಕೆ ಐದೋ ಎಂಟೋ ಪಾಲು ಮಾಯವಾಗಿರುತ್ತದೆ. ಅದು ಬಹುಪಾಲು ನೀರು. ಇಷ್ಟು ನೀರು ಒಳಗೆ ಬಂದಿದೆ ಅಂದರೆ ಸುಮ್ಮನೆ ಬಂದು ಕೂತಿರುತ್ತದಾ? ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ ಇವನ್ನೆಲ್ಲ ಆಚೆ ಈಚೆ ಓಡಾಡಿಸಿರುತ್ತದೆ. ಬೇರಿಯಂ ತುಂಬಿದ ಬೆರೈಟ್ ಪಕ್ಕದಲ್ಲೇ ಇರುವ ಊರಿನಲ್ಲಿ ಕಲ್ಲಿನ ಬೇರಿಯಂ ಅಂಕಿಯನ್ನು ಮ್ಯಾಂಟಲ್‌ನದ್ದು ಅಂತ ನಂಬಿದರೆ ನಮ್ಮಂಥ ಮುಗ್ಧರು ಇನ್ನಿಲ್ಲ.

ನೀರಿನ ಆಟಕ್ಕೆ ಅಷ್ಟಾಗಿ ಬಗ್ಗದ ಧಾತುಗಳೂ ಇವೆ. ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಇಟ್ರಿಯಂ, ಅಪರೂಪದ ಧಾತುಗಳ (ರೇರ್ ಅರ್ತ್) ಗುಂಪಿನ ಹೆಚ್ಚಿನವು. ಇವು ನಿಜಕ್ಕೂ ಕದಲಿಲ್ಲವಾ ಅಂತ ನೋಡಲು ಸರಳ ದಾರಿ ಇದೆ. ಒಂದೇ ಲಾವಾ ಹರಿವಿನ ಬೇರೆ ಬೇರೆ ಮಾದರಿ ತಗೊಂಡು, ಜಿರ್ಕೋನಿಯಂ ಒಂದು ಕಡೆ, ಇನ್ನೊಂದು ಧಾತು ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕುವುದು. ಎರಡೂ ಕದಲದಿದ್ದರೆ ಚುಕ್ಕೆಗಳು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಟೈಟಾನಿಯಂ ನಿಲ್ಲುತ್ತದೆ. ರುಬಿಡಿಯಂ ಹಾಕಿ ನೋಡಿ, ಅಕ್ಷತೆ ಎಸೆದ ಹಾಗೆ ಹರಡಿರುತ್ತದೆ. ರುಬಿಡಿಯಂ ಸವೆದು ಸ್ಟ್ರಾನ್ಷಿಯಂ ಆಗುವ ಲೆಕ್ಕದಲ್ಲಿ ಈ ಕಲ್ಲಿನ ವಯಸ್ಸು ಹೇಳಲು ಹೋಗುವುದು ಅದಕ್ಕೇ ಅಪಾಯ. ಸಮೇರಿಯಂ–ನಿಯೋಡಿಮಿಯಂ ಜೋಡಿ ವಾಸಿ. ಪಶ್ಚಿಮ ಧಾರವಾಡ ಕ್ರೇಟಾನ್ ಅಂದರೆ ನಮ್ಮ ಕಾಲ ಕೆಳಗಿನ ಅತಿ ಹಳೇ ಖಂಡದ ತುಂಡು. ಅದರ ಕೊಮಾಟೈಟ್‌ಗಳಿಗೆ 2008ರಲ್ಲಿ ಪ್ರಕಟವಾದ ವಯಸ್ಸು ಈ ಜೋಡಿಯದ್ದು. 335 ಕೋಟಿ ವರ್ಷ, ಆ ಕಡೆ ಈ ಕಡೆ 11 ಕೋಟಿ. ಹನ್ನೊಂದು ಕೋಟಿ ವರ್ಷದ ಅನಿಶ್ಚಿತತೆ ಕೇಳಿ ನಗಬೇಡಿ. ಇಷ್ಟು ಕೆಟ್ಟ ಕಲ್ಲಿನಿಂದ ಇಷ್ಟು ಹೊರಡಿಸಿದ್ದೇ ದೊಡ್ಡದು.

ಎರಡನೆಯ ಅನುಮಾನ ನನ್ನ ಮೇಲೆಯೇ. ಅಂದರೆ ಪ್ರಯೋಗಾಲಯದ ಮೇಲೆ. ಈ ಭಾಗ ಯಾವ ಪ್ರಬಂಧದಲ್ಲೂ ಎರಡು ಸಾಲಿಗಿಂತ ಜಾಸ್ತಿ ಬರುವುದಿಲ್ಲ. ನಮ್ಮ ಆಯಸ್ಸು ಕಳೆಯುವುದು ಮಾತ್ರ ಇಲ್ಲೇ.

ಕಲ್ಲಿನ ಹೊರಗಿನ ಕಂದು ಸಿಪ್ಪೆಯನ್ನು ಗರಗಸದಲ್ಲಿ ಕೊಯ್ದು ತೆಗೆಯಬೇಕು. ಕೊಯ್ದ ಮೇಲೆ ಗರಗಸದ ಗುರುತು ಇರುತ್ತದಲ್ಲ, ಅದನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆಯಬೇಕು. ಬ್ಲೇಡಿನ ಲೋಹ ಅಲ್ಲಿ ಅಂಟಿರುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಸಣ್ಣ ಚೂರು ಮಾಡಿ, ಲೆನ್ಸ್ ಹಿಡಿದು ಒಂದೊಂದೇ ಚೂರು ಆರಿಸುವುದು. ಬಿಳಿ ಕಾರ್ಬೊನೇಟ್ ಎಳೆ ಇರುವ ಚೂರು ಬೇಡ. ತುಕ್ಕು ಬಣ್ಣದ್ದು ಬೇಡ. ಮಧ್ಯಾಹ್ನವೆಲ್ಲ ಆರಿಸಿದರೂ ಕೊನೆಗೆ ಉಳಿಯುವುದು ಹಿಡಿಯಷ್ಟು.

ಅದನ್ನು ಪುಡಿ ಮಾಡುವುದು ಯಾವುದರಲ್ಲಿ? ಉಕ್ಕಿನ ಪಾತ್ರೆಯಲ್ಲಿ ಅರೆದರೆ ಬೇಗ ಆಗುತ್ತದೆ. ಆದರೆ ಉಕ್ಕಿನಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಪುಡಿಗೆ ಸೇರುತ್ತವೆ. ಕೊಮಾಟೈಟ್‌ನಲ್ಲಿ ನನಗೆ ಬೇಕಾದದ್ದೇ ಕ್ರೋಮಿಯಂ, ನಿಕ್ಕಲ್. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಇನ್ನೂ ಗಟ್ಟಿ. ಅದು ಟಂಗ್‌ಸ್ಟನ್, ಕೋಬಾಲ್ಟ್ ಕೊಡುತ್ತದೆ, ಸ್ವಲ್ಪ ಟಾಂಟಲಂ ಕೂಡ. ಬೇರೆ ಕಡೆಯಿಂದ ಅರೆದು ಬಂದ ಪುಡಿಯೊಂದರಲ್ಲಿ ಟಾಂಟಲಂ ಎಷ್ಟಿತ್ತೆಂದರೆ, ನಿಯೋಬಿಯಂ–ಟಾಂಟಲಂ ಅನುಪಾತ ಭೂಮಿಯ ಯಾವ ಕಲ್ಲಿಗೂ ಹೊಂದುತ್ತಿರಲಿಲ್ಲ. ಹೊಸ ಸಂಶೋಧನೆ ಅಂತ ಹಿಗ್ಗಿದವರಿಗೆ ಯಾವ ಗಿರಣಿಯಲ್ಲಿ ಅರೆಸಿದಿರಿ ಅಂತ ಕೇಳಬೇಕಾಯಿತು. ಕೊನೆಗೆ ನಾವು ಬಳಸುವುದು ಅಗೇಟ್. ಅದು ಸಿಲಿಕಾ, ಕೊಟ್ಟರೂ ಸಿಲಿಕಾ ಕೊಡುತ್ತದೆ. ನಿಧಾನ, ಬೆಲೆಯೂ ಜಾಸ್ತಿ, ಬಿದ್ದರೆ ಒಡೆಯುತ್ತದೆ. ಪ್ರತಿ ಮಾದರಿಯ ನಡುವೆ ಶುದ್ಧ ಕ್ವಾರ್ಟ್ಜ್ ಮರಳು ಹಾಕಿ ಅರೆದು ತೊಳೆಯಬೇಕು. ಕೆಲವು ಪ್ರಯೋಗಾಲಯಗಳಲ್ಲಿ ಉಂಗುರ, ಬಳೆ ತೆಗೆದಿಟ್ಟೇ ಒಳಗೆ ಹೋಗಬೇಕು. ಚಿನ್ನ, ಪ್ಲಾಟಿನಂ ಅಳೆಯುವವರಿಗೆ ಉಂಗುರದ ಸವೆತವೂ ಶತ್ರು.

ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಕಲ್ಲನ್ನು ಕರಗಿಸಲು ಇದಿಲ್ಲದೆ ಆಗುವುದಿಲ್ಲ, ಗಾಜಿನ ಪಾತ್ರೆಯನ್ನೂ ಇದು ತಿನ್ನುತ್ತದೆ. ಹಾಗಾಗಿ ಟೆಫ್ಲಾನ್ ಪಾತ್ರೆ. ಚರ್ಮಕ್ಕೆ ತಗುಲಿದರೆ ಕೆಲವೊಮ್ಮೆ ಆ ಕ್ಷಣಕ್ಕೆ ನೋವೇ ಗೊತ್ತಾಗುವುದಿಲ್ಲ, ಒಳಗಿಳಿದು ಮೂಳೆಯ ಕ್ಯಾಲ್ಸಿಯಂವರೆಗೆ ಹೋಗುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆಟಕುವ ಜಾಗದಲ್ಲಿ ಇಲ್ಲದಿದ್ದರೆ ನಾನು ಆ ಬಾಟಲಿ ಮುಚ್ಚಳ ತೆಗೆಯುವುದಿಲ್ಲ. ನಮ್ಮಮ್ಮನಿಗೆ ಈ ಆಮ್ಲದ ವಿಷಯ ಇವತ್ತಿನವರೆಗೂ ಹೇಳಿಲ್ಲ.

ಈ ಆಮ್ಲಕ್ಕೂ ಸೊಪ್ಪು ಹಾಕದ ಒಂದು ಖನಿಜ ಕೊಮಾಟೈಟ್‌ನಲ್ಲಿದೆ. ಕ್ರೋಮೈಟ್. ಬಿಸಿ ತಟ್ಟೆಯ ಮೇಲೆ ದಿನಗಟ್ಟಲೆ ಇಟ್ಟರೂ ಪಾತ್ರೆಯ ತಳದಲ್ಲಿ ಕಪ್ಪು ಚುಕ್ಕೆಗಳು ಹಾಗೇ ಕೂತಿರುತ್ತವೆ. ಅವನ್ನು ಬಿಟ್ಟು ಅಳೆದರೆ ಕ್ರೋಮಿಯಂ ಅಂಕಿ ಸುಳ್ಳಾಗುತ್ತದೆ. ಆಗ ಒತ್ತಡದ ಪಾತ್ರೆಯೊಳಗೆ ಮುಚ್ಚಿ ಒಲೆಗೆ ಇಡಬೇಕು, ಇಲ್ಲವೇ ಪುಡಿಯನ್ನು ಲಿಥಿಯಂ ಬೋರೇಟ್ ಜೊತೆ ಕರಗಿಸಿ ಗಾಜಿನ ಬಿಲ್ಲೆ ಮಾಡಬೇಕು. ಎಷ್ಟೋ ಸಲ ಈ ಚುಕ್ಕೆಗಳಿಗೆ ಬೈದಿದ್ದೇನೆ.

ಕರಗಿದ ದ್ರಾವಣ, ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಹೋಗುತ್ತದೆ. ಅದರ ಜೊತೆ ಪ್ರತಿ ಸರದಿಯಲ್ಲೂ ಒಂದು ಪರಿಚಿತ ಕಲ್ಲಿನ ಪುಡಿಯನ್ನು ಓಡಿಸುತ್ತೇವೆ. ಬಿಎಚ್‌ವಿಒ-2 ಅಂತ. ಹವಾಯಿಯ ಹಾಲೆಮೌಮೌ ಜ್ವಾಲಾಮುಖಿ ಬಾಯಿಂದ 1919ರಲ್ಲಿ ಉಕ್ಕಿ ಹರಿದ ಲಾವಾ ಅದು. ಅಮೆರಿಕದ ಭೂವಿಜ್ಞಾನ ಸಂಸ್ಥೆ ಪುಡಿ ಮಾಡಿ ಜಗತ್ತಿಗೆಲ್ಲ ಹಂಚಿದೆ. ಅದರ ಅಂಕಿ ಸರಿ ಬಂದರೆ ನನ್ನ ಅಂಕಿಗೆ ಒಂದಿಷ್ಟು ಮರ್ಯಾದೆ. ಬರದಿದ್ದರೆ ಆ ದಿನದ್ದೆಲ್ಲ ಕಸದ ಬುಟ್ಟಿಗೆ. ಹವಾಯಿ ನೋಡಿಲ್ಲ, ನೋಡುವ ಯೋಗವೂ ಕಾಣೆ. ಅಲ್ಲಿನ ಲಾವಾದಲ್ಲಿ ಲ್ಯಾಂಥನಂ ಎಷ್ಟು ಅಂದರೆ ಮಾತ್ರ ನಿದ್ದೆಯಲ್ಲೂ ಹೇಳುತ್ತೇನೆ. ಹತ್ತು ಲಕ್ಷದಲ್ಲಿ ಸುಮಾರು 15 ಪಾಲು.

ಇಷ್ಟೆಲ್ಲ ಆದ ಮೇಲೆ ಅಂಕಿ ಸರಿ ಇದೆ ಅಂತಿಟ್ಟುಕೊಳ್ಳಿ. ಈಗ ಬಿಸಿ ಎಷ್ಟಿತ್ತು? ಕೊಮಾಟೈಟ್‌ಗೆ ಒಂದು ಕೈಲೆಕ್ಕ ಇದೆ. ದ್ರವದಲ್ಲಿದ್ದ ಮೆಗ್ನೀಸಿಯಂ ಆಕ್ಸೈಡ್ ಶೇಕಡಾವಾರನ್ನು 20ರಿಂದ ಗುಣಿಸಿ, 1000 ಕೂಡಿಸಿದರೆ ಲಾವಾದ ಉಷ್ಣತೆ ಹತ್ತಿರ ಹತ್ತಿರ ಸಿಗುತ್ತದೆ. ಶೇ. 30 ಇದ್ದರೆ 1600 ಡಿಗ್ರಿ. ಈಗಿನ ಬಸಾಲ್ಟ್ ಲಾವಾ 1100ರಿಂದ 1200 ಚಿಲ್ಲರೆ. ಎಷ್ಟು ಸುಲಭ ಅಲ್ವಾ? ಇಲ್ಲೇ ಎಡವುವುದು. ಲೆಕ್ಕ ಕೇಳುತ್ತಿರುವುದು ದ್ರವದಲ್ಲಿದ್ದ ಮೆಗ್ನೀಸಿಯಂ, ಕಲ್ಲಿನಲ್ಲಿರುವ ಮೆಗ್ನೀಸಿಯಂ ಅಲ್ಲ. ಲಾವಾ ತಣಿಯುವಾಗ ಆಲಿವಿನ್ ಹರಳುಗಳು ತಳಕ್ಕೆ ಇಳಿದು ಗುಡ್ಡೆ ಬೀಳುತ್ತವೆ. ಆ ತಳದ ಕಲ್ಲಿನಲ್ಲಿ ಶೇ. 40 ಕಂಡರೆ, ಲೆಕ್ಕ 1800 ಡಿಗ್ರಿ ಅನ್ನುತ್ತದೆ. ಅಂಥ ಲಾವಾ ಯಾವತ್ತೂ ಹರಿದೇ ಇರಲಿಲ್ಲ. ಸ್ಪಿನಿಫೆಕ್ಸ್ ಇರುವ ಕಲ್ಲನ್ನೇ ಹುಡುಕಿಕೊಂಡು ಬಿಸಿಲಲ್ಲಿ ತಲೆ ವಾಲಿಸುವುದು ಇದಕ್ಕೇ. ಅದು ದ್ರವಕ್ಕೆ ಹತ್ತಿರ. ಆಲಿವಿನ್ ಉಳಿದಿರುವ ಕಲ್ಲಾದರೆ ಇನ್ನೊಂದು ಪರೀಕ್ಷೆ ಇದೆ. ಆಲಿವಿನ್‌ನ ಕಬ್ಬಿಣ–ಮೆಗ್ನೀಸಿಯಂ ಅನುಪಾತ, ಅದು ಹುಟ್ಟಿದ ದ್ರವದ ಅನುಪಾತದ ಸುಮಾರು 0.3 ಪಟ್ಟು ಇರಬೇಕು. 1970ರಲ್ಲಿ ರೋಡರ್ ಮತ್ತು ಎಮ್ಸ್ಲಿ ಪ್ರಯೋಗ ಮಾಡಿ ತೋರಿಸಿದ್ದು. ನನ್ನ ಕಲ್ಲಿನಲ್ಲಿ ಆಲಿವಿನ್ನೇ ಇಲ್ಲವಾದ್ದರಿಂದ ಈ ಸೌಭಾಗ್ಯ ನನಗಿಲ್ಲ.

ಆಳ ಎಷ್ಟು ಅನ್ನುವುದಕ್ಕೆ ಗಾರ್ನೆಟ್ ಸಹಾಯಕ್ಕೆ ಬರುತ್ತದೆ. ಮ್ಯಾಂಟಲ್‌ನಲ್ಲಿ ಸುಮಾರು 80 ಕಿಲೋಮೀಟರಿಗಿಂತ ಕೆಳಗೆ ಮಾತ್ರ ಗಾರ್ನೆಟ್ ನಿಲ್ಲುತ್ತದೆ. ಅದಕ್ಕೆ ಅಲ್ಯೂಮಿನಿಯಂ ಬೇಕು, ಇಟರ್ಬಿಯಂ, ಲುಟೀಷಿಯಂನಂಥ ಭಾರದ ಅಪರೂಪದ ಧಾತುಗಳ ಮೇಲೂ ಆಸೆ ಜಾಸ್ತಿ. ಕರಗುವಾಗ ಹಿಪ್ಪೆಯಲ್ಲಿ ಗಾರ್ನೆಟ್ ಉಳಿದಿದ್ದರೆ, ಇವನ್ನು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಮೇಲೆ ಬಂದ ಲಾವಾದಲ್ಲಿ ಇವು ಕಮ್ಮಿ ಇರುತ್ತವೆ. ಅಲ್ಯೂಮಿನಿಯಂ–ಟೈಟಾನಿಯಂ ಆಕ್ಸೈಡ್‌ಗಳ ಅನುಪಾತ 20ರ ಹತ್ತಿರ ಇದ್ದರೆ ಗಾರ್ನೆಟ್ ಉಳಿದಿರಲಿಲ್ಲ. 10ರ ಕಡೆಗೆ ಇಳಿದಿದ್ದರೆ ಉಳಿದಿತ್ತು, ಅಂದರೆ ತುಂಬಾ ಆಳದಲ್ಲಿ ಕರಗಿದ್ದು. ಧಾರವಾಡ ಕ್ರೇಟಾನ್‌ನ ಪಶ್ಚಿಮ ಭಾಗದಲ್ಲಿ ಎರಡೂ ಬಗೆಯ ಕೊಮಾಟೈಟ್ ವರದಿಯಾಗಿವೆ. ಮೇಲೆ ಇಲ್ಲದ್ದನ್ನು ನೋಡಿ ಕೆಳಗೆ ಇದ್ದದ್ದನ್ನು ಹೇಳುವ ಈ ತರ್ಕ ನನಗೆ ಈಗಲೂ ಖುಷಿ ಕೊಡುತ್ತದೆ. ಪೂರ್ತಿ ವಿಷಯದಲ್ಲಿ ನನಗೆ ತೀರಾ ಇಷ್ಟವಾದ ತುಂಡು ಇದೇ.

ಮೂರನೆಯ ಅನುಮಾನ ದಾರಿಯ ಮೇಲೆ. ಇದನ್ನು ಸರಿಯಾಗಿ ಕಲಿಯಬೇಕಾದರೆ ದಖ್ಖನ್ ಬಸಾಲ್ಟ್ ನೋಡಬೇಕು. ಬೆಳಗಾವಿಯಿಂದ ಮೇಲಕ್ಕೆ ಸಹ್ಯಾದ್ರಿಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕೂತಿರುವ ಲಾವಾ ಪದರಗಳು, ಸುಮಾರು 6.6 ಕೋಟಿ ವರ್ಷದ ಹಿಂದಿನವು. ಈಗ ಉಳಿದಿರುವುದೇ 5 ಲಕ್ಷ ಚದರ ಕಿಲೋಮೀಟರ್. ಬರಿಗಣ್ಣಿಗೆ ಎಲ್ಲ ಪದರವೂ ಒಂದೇ ಕಪ್ಪು. 1980ರ ದಶಕದಲ್ಲಿ ಕೀತ್ ಕಾಕ್ಸ್, ಜಾನ್ ಮಹೋನಿ, ಕೆ.ವಿ. ಸುಬ್ಬರಾವ್ ಮುಂತಾದ ಭೂವಿಜ್ಞಾನಿಗಳು ಘಾಟ್ ರಸ್ತೆಗಳನ್ನು ಹತ್ತಿ ಇಳಿದು, ಬರೀ ರಸಾಯನದ ಬಲದಿಂದ ಪದರಗಳನ್ನು ಬೇರೆ ಬೇರೆ ಮಾಡಿದರು. ಬುಶೆ, ಅದರ ಮೇಲೆ ಪೋಲಾದ್‌ಪುರ, ಅದರ ಮೇಲೆ ಅಂಬೇನಳಿ, ಮಹಾಬಳೇಶ್ವರ, ಹೀಗೆ. ತೀರಾ ಮೇಲಿನದಕ್ಕೆ ದೇಸೂರು ಅಂತ ಹೆಸರು, ನಮ್ಮ ಬೆಳಗಾವಿ ಪಕ್ಕದ ದೇಸೂರಿನದ್ದೇ.

ಸ್ಟ್ರಾನ್ಷಿಯಂನ ಎರಡು ಬೇರೆ ತೂಕದ ಪರಮಾಣುಗಳು, ಸ್ಟ್ರಾನ್ಷಿಯಂ-87 ಮತ್ತು 86, ಇವುಗಳ ಅನುಪಾತ ಇಲ್ಲಿ ಕಥೆ ಹೇಳುತ್ತದೆ. ಅಂಬೇನಳಿಯಲ್ಲಿ ಅದು 0.704ರ ಆಸುಪಾಸು. ಮ್ಯಾಂಟಲ್‌ನಿಂದ ನೇರ ಬಂದದ್ದಕ್ಕೆ ಒಪ್ಪುವ ಅಂಕಿ. ಬುಶೆಯಲ್ಲಿ 0.713ರಿಂದ 0.720ರವರೆಗೆ. ಓದುಗರಿಗೆ ಇದು ಪುಟಾಣಿ ವ್ಯತ್ಯಾಸ ಅನ್ನಿಸಬಹುದು. ನಮ್ಮ ಲೆಕ್ಕದಲ್ಲಿ ಅಗಾಧ. ರುಬಿಡಿಯಂ-87 ಸವೆದು ಸ್ಟ್ರಾನ್ಷಿಯಂ-87 ಆಗುತ್ತದೆ, ಅರ್ಧ ಸವೆಯಲು ಸುಮಾರು 4,900 ಕೋಟಿ ವರ್ಷ ಬೇಕು. ಅಂಕಿ ಇಷ್ಟು ಮೇಲೇರಬೇಕಾದರೆ ರುಬಿಡಿಯಂ ತುಂಬಿದ ಹಳೇ ಗ್ರಾನೈಟ್ ಜಾತಿಯ ಕಲ್ಲು ಬೇಕೇ ಬೇಕು. ಅಂದರೆ ಬುಶೆಯ ಲಾವಾ ಮೇಲೆ ಬರುವಾಗ ಖಂಡದ ಹೊರಪದರವನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಂಡಿದೆ. ಪೋಲಾದ್‌ಪುರದಲ್ಲಿ ಆ ಕಲಬೆರಕೆ ಕಮ್ಮಿ, ಅಂಬೇನಳಿಗೆ ಬರುವಷ್ಟರಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಬುಶೆಯ ಕಲ್ಲನ್ನು ಮಾತ್ರ ನೋಡಿದವನು ದಖ್ಖನ್ ಕೆಳಗಿನ ಮ್ಯಾಂಟಲ್ ಬಗ್ಗೆ ಏನು ಬರೆದರೂ, ಅದು ದಖ್ಖನ್‌ನ ಹೊರಪದರದ ಬಗ್ಗೆ ಬರೆದ ಹಾಗೆ.

ಅಂಬೇನಳಿಯೂ ಪೂರ್ತಿ ಸಾಚಾ ಅಲ್ಲ. ಮೆಗ್ನೀಸಿಯಂ ಆಕ್ಸೈಡ್ ಶೇ. 5ರಿಂದ 7 ಮಾತ್ರ. ಮ್ಯಾಂಟಲ್ ಬಿಟ್ಟು ಹೊರಟಾಗ ಇದಕ್ಕಿಂತ ಬಹಳ ಜಾಸ್ತಿ ಇದ್ದಿರಬೇಕು. ದಾರಿಯಲ್ಲಿ ಎಲ್ಲೋ ನಿಂತು, ತಣಿದು, ಆಲಿವಿನ್ ಕಳಚಿ ಬಂದಿದೆ. ಕಂಪ್ಯೂಟರಿನಲ್ಲಿ ಆಲಿವಿನ್ನನ್ನು ಸ್ವಲ್ಪ ಸ್ವಲ್ಪವೇ ವಾಪಸ್ ಸೇರಿಸುತ್ತಾ ಮೂಲ ದ್ರವಕ್ಕೆ ಹೋಗುವ ಲೆಕ್ಕವಿದೆ. ಎಷ್ಟು ಸೇರಿಸಿದಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ಲೆಕ್ಕ ಹಾಕುವವರ ಊಹೆ. ಅವರು ಅದನ್ನು ಊಹೆ ಅನ್ನುವುದಿಲ್ಲ, ಮಾದರಿ ಅನ್ನುತ್ತಾರೆ.

ಯಾರಾದರೂ ಕೇಳುತ್ತಾರೆ, ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪದ ಕಂಬದ ಕಲ್ಲುಗಳ ಮೇಲೆ ಯಾಕೆ ಕೆಲಸ ಮಾಡಬಾರದು, ಬೋಟಿಂಗೂ ಆಗುತ್ತದೆ ಅಂತ. ಚೆಂದದ ಜಾಗ, ಇಲ್ಲ ಅನ್ನುವುದಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಕಲ್ಲದು. ಆದರೆ ಅದು ಬಸಾಲ್ಟ್ ಅಲ್ಲ, ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಜಾತಿ. ಮ್ಯಾಂಟಲ್ ಕರಗಿದರೆ ನೇರವಾಗಿ ಅಂಥದ್ದು ಬರುವುದಿಲ್ಲ. ಮ್ಯಾಂಟಲ್ ವಿಚಾರಕ್ಕೆ ನನ್ನ ಮಂಕು ಕಲ್ಲೇ ವಾಸಿ.

ಇಷ್ಟು ಜರಡಿ ಹಿಡಿದ ಮೇಲೆ ಉಳಿದ ಅಂಕಿಗಳಿಂದ ತಿಳಿದದ್ದು ಕಮ್ಮಿಯೇನಲ್ಲ. ಮ್ಯಾಂಟಲ್ ಎಲ್ಲ ಕಡೆ ಒಂದೇ ತರ ಇಲ್ಲ. ಸಾಗರದ ನಡುವಿನ ಬಿರುಕಿನಿಂದ ಬರುವ ಬಸಾಲ್ಟ್ ಹೇಳುವುದು, ಒಮ್ಮೆ ಹಿಂಡಿ ಹೋದ ಹಿಪ್ಪೆಯ ಕಥೆ. ಅಲ್ಲಿಂದ ತೆಗೆದದ್ದು ಬಹುಪಾಲು ನಮ್ಮ ಖಂಡಗಳಲ್ಲಿದೆ. ಹವಾಯಿ, ಸಮೋವಾದಂಥ ದ್ವೀಪಗಳ ಲಾವಾ ಬೇರೆ ಹೇಳುತ್ತದೆ. 1982ರಲ್ಲಿ ಹಾಫ್ಮನ್ ಮತ್ತು ವೈಟ್ ಮುಂದಿಟ್ಟ ವಿಚಾರ ಏನೆಂದರೆ, ಹಿಂದೆ ಸಮುದ್ರದ ತಳವಾಗಿದ್ದ ಕಲ್ಲೇ ಕೆಳಗೆ ಜಾರಿ ಹೋಗಿ, ಕೋಟ್ಯಂತರ ವರ್ಷ ಮ್ಯಾಂಟಲ್‌ನಲ್ಲಿದ್ದು, ದ್ವೀಪಗಳ ಲಾವಾ ಆಗಿ ವಾಪಸ್ ಬರುತ್ತದೆ. ಸಮೋವಾದ ಕೆಲವು ಲಾವಾಗಳಲ್ಲಿ ಖಂಡದಿಂದ ಕೊಚ್ಚಿ ಹೋದ ಮಣ್ಣಿನ ಗುರುತೂ ಇದೆ.

ಕೊಮಾಟೈಟ್ ವಿಚಾರದಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ಮ್ಯಾಂಟಲ್‌ನಲ್ಲಿ ನೀರು ಬೆರೆತಿದ್ದರೆ ಕಮ್ಮಿ ಬಿಸಿಗೇ ಅಷ್ಟು ಕರಗಬಹುದಿತ್ತು, 1600 ಡಿಗ್ರಿ ಬೇಕಿಲ್ಲ ಅನ್ನುವವರಿದ್ದಾರೆ. ಕಾಯಿಸಿದಾಗ ಹೋದ ನೀರನ್ನು ತೋರಿಸಿ ಇದಕ್ಕೆ ಉತ್ತರ ಕೊಡಲಾಗುವುದಿಲ್ಲ, ಅದು ಆಮೇಲೆ ಬಂದ ನೀರು. ನನ್ನ ಒಲವು ಒಣ, ಬಿಸಿ ಮ್ಯಾಂಟಲ್ ಕಡೆಗಿದೆ. ಕೊಮಾಟೈಟ್ ಹೆಚ್ಚಾಗಿ 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳಲ್ಲೇ ಸಿಗುತ್ತದೆ. ಕೊಲಂಬಿಯಾದ ಗೋರ್ಗೋನಾ ದ್ವೀಪದ ಸುಮಾರು 9 ಕೋಟಿ ವರ್ಷದ್ದು ಒಂದು ಅಪವಾದ. ನೀರೇ ಕಾರಣವಾಗಿದ್ದರೆ ಈಗಲೂ ಅಲ್ಲಲ್ಲಿ ಹುಟ್ಟುತ್ತಿರಬೇಕಿತ್ತು, ಕೆಳಗೆ ನೀರು ಹೋಗುವುದು ನಿಂತಿಲ್ಲವಲ್ಲ. ಆದರೆ ಇದು ಒಲವು ಅಷ್ಟೇ, ಪುರಾವೆ ಅಲ್ಲ.

ಪುರಾವೆ ಬೇಕಾದರೆ ಆ ಕಾಲದ್ದೇ ಖನಿಜ ಬೇಕು. ಆಲಿವಿನ್ ಹೋಗಿದೆ. ಉಳಿದಿರುವುದು ಆಮ್ಲಕ್ಕೂ ಬಗ್ಗದ ಆ ಕರಿ ಚುಕ್ಕೆಗಳು, ಕ್ರೋಮೈಟ್. 0.03 ಮಿಲಿಮೀಟರ್ ದಪ್ಪಕ್ಕೆ ಸವೆಸಿದ ಹಾಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೇಲಿಂದ ಬೆಳಕು ಬಿಟ್ಟರೆ ಪ್ರತಿ ಹರಳಿಗೂ ಎರಡು ಬಣ್ಣ ಕಾಣುತ್ತದೆ. ಅಂಚು ಬೆಳ್ಳಗೆ ಹೊಳೆಯುತ್ತದೆ, ಅದು ಆಮೇಲೆ ಮ್ಯಾಗ್ನಟೈಟ್ ಕಡೆಗೆ ತಿರುಗಿದ ಭಾಗ. ನಡುವೆ ಮಂಕು ಬೂದಿ ಬಣ್ಣದ ತಿರುಳು. ಆ ತಿರುಳಿನ ಕ್ರೋಮಿಯಂ–ಅಲ್ಯೂಮಿನಿಯಂ ಅನುಪಾತ ಹುಟ್ಟಿನದ್ದೇ ಆಗಿದ್ದರೆ, ಮೂಲ ದ್ರವದ ಬಗ್ಗೆ ಒಂದಿಷ್ಟು ಹೇಳಬಹುದು. ಆಗಿದೆಯೋ ಇಲ್ಲವೋ ನೋಡಲು ಮೊದಲು ಸತು ಅಳೆಯಬೇಕು. ಕಲ್ಲು ಆಮೇಲೆ ಕಾದು ಬದಲಾಗಿದ್ದರೆ ಕ್ರೋಮೈಟ್ ಒಳಕ್ಕೆ ಸತು ನುಸುಳಿರುತ್ತದೆ. ಹರಳಿನ ಒಂದೊಂದು ಚುಕ್ಕೆಯ ರಸಾಯನವನ್ನೂ ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಯಂತ್ರಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದೇನೆ. ಸತು ಜಾಸ್ತಿ ಬಂದ ಹರಳನ್ನು ಅಲ್ಲಿಗೇ ಬಿಟ್ಟು, ಮುಂದಿನದಕ್ಕೆ ಹೋಗುವುದು.